ಧೂಳು ಕುಡಿದವರ ಲಿವರ್



ಲಿವರ್ ಕೆಟ್ಟಿದೆ ಅಂತ ದುಡಿಯೋನೊಬ್ಬ ಆಸ್ಪತ್ರೆಗೆ ಹೋದರೆ ಮೊದಲ ಪ್ರಶ್ನೆ, 'ಎಷ್ಟು ಕುಡೀತೀಯ?' ಎಷ್ಟು ಧೂಳು ಕುಡಿದೆ ಅಂತ ಯಾರೂ ಕೇಳೋದಿಲ್ಲ.

ನ್ಯೂಯಾರ್ಕನ್ನೇ ನೋಡಿ. 2001ರ ಸೆಪ್ಟೆಂಬರ್ 11ರಂದು ವರ್ಲ್ಡ್ ಟ್ರೇಡ್ ಸೆಂಟರಿನ ಗೋಪುರಗಳು ಕುಸಿದು ಪುಡಿಯಾದವು. ಸಿಮೆಂಟು, ಗಾಜಿನ ಎಳೆ, ಕಲ್ನಾರು, ಸೀಸ ಬೆರೆತ, ಸುಣ್ಣದಂತೆ ಸುಡುವ ಧೂಳು. ಅದರೊಳಗೆ ಅಗ್ನಿಶಾಮಕ ದಳದವರು, ಪೊಲೀಸರು, ಕಟ್ಟಡ ಕೆಲಸಗಾರರು ತಿಂಗಳುಗಟ್ಟಲೆ ಹೆಣ ಹುಡುಕಿದರು, ಅವಶೇಷ ಹೊತ್ತರು. ವಾರ ಕಳೆಯೋದರೊಳಗೆ ಅಲ್ಲಿನ ಸರ್ಕಾರದ ಪರಿಸರ ಸಂಸ್ಥೆಯ ಮುಖ್ಯಸ್ಥೆ ಕ್ರಿಸ್ಟೀನ್ ಟಾಡ್ ವಿಟ್ಮನ್ ಗಾಳಿ ಸುರಕ್ಷಿತ ಅಂದುಬಿಟ್ಟರು. ಹಾಗನ್ನಲು ಸಾಕಷ್ಟು ಪುರಾವೆ ಇರಲಿಲ್ಲ ಅಂತ 2003ರಲ್ಲಿ ಅದೇ ಸಂಸ್ಥೆಯ ಒಳತನಿಖೆ ಹೇಳಿತು. ಅಷ್ಟರಲ್ಲಿ ಎದೆಗೆ ಇಳಿಯಬೇಕಾದ್ದು ಇಳಿದಾಗಿತ್ತು.

ಮೊದಲು ಶ್ವಾಸಕೋಶದ ರೋಗ. ಆಮೇಲೆ ಎದೆಯ ಸ್ಕ್ಯಾನ್ ನೋಡುತ್ತಿದ್ದ ಡಾಕ್ಟರುಗಳಿಗೆ ಅದೇ ಚಿತ್ರದ ಕೆಳತುದಿಯಲ್ಲಿ ಕೊಬ್ಬು ತುಂಬಿದ ಲಿವರುಗಳು ಕಂಡವು. ಈಗ ಅದರ ಗುರುತನ್ನು ರಕ್ತದಲ್ಲಿ ಹುಡುಕುತ್ತಾರೆ. ನೊಂದ ಲಿವರಿನ ಜೀವಕೋಶಗಳಿಂದ ಎಎಲ್‌ಟಿ, ಎಎಸ್‌ಟಿ ಅನ್ನೋ ಕಿಣ್ವಗಳು ರಕ್ತಕ್ಕೆ ಸೋರುತ್ತವೆ. ಇವೆರಡು, ಪ್ಲೇಟ್‌ಲೆಟ್ ಎಣಿಕೆ, ವಯಸ್ಸು ಸೇರಿಸಿ ಲೆಕ್ಕ ಹಾಕಿದರೆ ಲಿವರಿನಲ್ಲಿ ಗಾಯದ ಕಲೆ ಕಟ್ಟಿದೆಯೇ ಅಂತ ಸೂಜಿ ಚುಚ್ಚಿ ಚೂರು ತೆಗೆಯದೆಯೇ ಅಂದಾಜು ಸಿಗುತ್ತೆ. ಒಳ್ಳೇದೇ. ಆದರೆ ಲಿವರ್ ನೊಂದಿದೆ ಅಂತ ಹೇಳೋ ರಕ್ತ, ನೋಯಿಸಿದ್ದು ಯಾರು ಅಂತ ಹೇಳಲ್ಲ. ಬೊಜ್ಜು, ಸಕ್ಕರೆ ಕಾಯಿಲೆ ಇದ್ದರೂ ಅದೇ ಗುರುತು. ಈ ಸಂದಿಯಲ್ಲೇ ದುಡಿದವನ ಮೇಲೆ ಆಪಾದನೆ ನುಗ್ಗೋದು.

ಶ್ವಾಸಕೋಶದ ವಿಷಯದಲ್ಲಿ ಇದು ಆಗಲೇ ಆಗಿದೆ. ಜೇಮ್ಸ್ ಜಡ್ರೋಗಾ ಅನ್ನೋ ಪೊಲೀಸ್ ಪತ್ತೇದಾರ 2006ರಲ್ಲಿ, 34ನೇ ವಯಸ್ಸಿಗೆ ಸತ್ತ. ನ್ಯೂಜೆರ್ಸಿಯ ಶವಪರೀಕ್ಷೆ ಧೂಳೇ ಕಾರಣ ಅಂದಿತು. ಮಾರನೇ ವರ್ಷ ನ್ಯೂಯಾರ್ಕ್ ನಗರದ ಮುಖ್ಯ ವೈದ್ಯ ಪರೀಕ್ಷಕರು, ಇಲ್ಲ, ಮಾತ್ರೆ ಅರೆದು ಚುಚ್ಚಿಕೊಂಡಿದ್ದ ಅಂದರು. ಸತ್ತವನು ಎದ್ದು ಬಂದು ಉತ್ತರ ಕೊಡೋಕಾಗುತ್ತಾ? ಕೊನೆಗೆ 2011ರ ಜನವರಿಯಲ್ಲಿ ಈ ಕೆಲಸಗಾರರ ಚಿಕಿತ್ಸೆಗೆ ಬಂದ ಕಾನೂನಿಗೆ ಅವನದೇ ಹೆಸರಿಟ್ಟರು!

ಅಗ್ನಿಶಾಮಕ ದಳದವರಿಗೆ ಒಂದು ಬಲ ಇತ್ತು. ಗೋಪುರ ಬೀಳೋ ಮುಂಚಿನ ಅವರ ತಪಾಸಣೆಯ ದಾಖಲೆ ಇಲಾಖೆಯಲ್ಲಿತ್ತು. ಬಿದ್ದ ಕೆಲವೇ ತಿಂಗಳಲ್ಲಿ ತೆಗೆದ ರಕ್ತವನ್ನೂ ಕಾಪಿಟ್ಟಿದ್ದರು. ಮುಂಚೆ ಹೇಗಿದ್ದೆ, ಈಗ ಹೇಗಾದೆ ಅಂತ ತೋರಿಸಬಲ್ಲರು. ಸುತ್ತಲ ಕಚೇರಿ, ಮನೆಗಳ ಧೂಳು ಗುಡಿಸಿದ ವಲಸೆ ಕೂಲಿಗಳು ಏನು ತೋರಿಸಬೇಕು? ಲ್ಯಾಟಿನ್ ಅಮೆರಿಕದಿಂದ, ಪೋಲೆಂಡಿನಿಂದ ಬಂದವರು. ಎಷ್ಟೋ ಜನಕ್ಕೆ ಆ ದೇಶದಲ್ಲಿರೋ ಕಾಗದಪತ್ರವೇ ಇರಲಿಲ್ಲ, ರಕ್ತದ ಲೆಕ್ಕ ಯಾರು ಇಡುತ್ತಾರೆ?

ನನ್ನ ವಾದ ಇಷ್ಟೇ. ಧೂಳಿಗೆ ಇಳಿಸೋ ದಿನ, ಮಾಸ್ಕ್ ಕೊಡೋ ಹೊತ್ತಿಗೇ, ಒಂದು ಟ್ಯೂಬು ರಕ್ತ ತೆಗೆದಿಡಬೇಕು. ಖರ್ಚು ಇಳಿಸಿದವನದು. ವರದಿಯ ಒಂದು ಪ್ರತಿ ಆ ಕೂಲಿಯ ಕೈಲಿರಬೇಕು. ಮೆಡಿಕಲ್, ಬಿಎಸ್ಸಿ ಓದೋ ಹಾಸ್ಟೆಲಿನ ಗೆಳೆಯರು ಏನಂತೀರಿ? ಬರೆಯಿರಿ.