ವಿದ್ಯಾರ್ಥಿಗಳ ಪರದೇಶ ಪ್ರವಾಸ: ಸಿದ್ಧತೆ ಎಲ್ಲಿ?

ನಮ್ಮ ಪಟ್ಟಣಗಳ ಕೆಲವು ಶಾಲೆಗಳವರು ತಮ್ಮ ವಿದ್ಯಾರ್ಥಿಗಳ ತಂಡ ಕಟ್ಟಿಕೊಂಡು ಸಿಂಗಪುರ, ದುಬೈ, ಜಪಾನ, ಯುರೋಪ ಮೊದಲಾದ ಕಡೆಗಳಿಗೆ ಹೋಗಿ ಬರುವ ಪರಿಪಾಠವು ಈಚೆಗೆ ಬಲಿಯುತ್ತ ನಡೆದಿರುವದು. ಎಳೆಯರು ಹೊರಜಗತ್ತನ್ನು ಕಣ್ಣಾರೆ ಕಂಡು ಬರುವದನ್ನು ನಾವು ಎಂದಿಗೂ ಆಕ್ಷೇಪಿಸಲಾರೆವು. ಕಡಲು ದಾಟಿದವನಿಗೆ ಪ್ರಾಯಶ್ಚಿತ್ತವನ್ನು ವಿಧಿಸುತ್ತಿದ್ದ ಕಾಲವು ಕಳೆದುಹೋದದ್ದು ದೇಶದ ಭಾಗ್ಯವೇ ಸರಿ. ಆದರೆ ಈ ಪ್ರವಾಸಗಳಿಗೆ ‘ಶೈಕ್ಷಣಿಕ’ ಎಂಬ ವಿಶೇಷಣವನ್ನು ಹಚ್ಚುವವರು ಆ ಶಬ್ದಕ್ಕೆ ತಕ್ಕ ಸಿದ್ಧತೆಯನ್ನು ಮಾಡುತ್ತಿರುವರೋ ಇಲ್ಲವೋ ಎಂಬದನ್ನು ಪಾಲಕರೂ ಶಿಕ್ಷಣಾಧಿಕಾರಿಗಳೂ ವಿಚಾರಿಸತಕ್ಕ ಸಮಯವು ಬಂದಿರುವದು.

ಈಗ ನಡೆಯುತ್ತಿರುವ ಸಿದ್ಧತೆಯೆಂದರೆ ಸಾಮಾನ್ಯವಾಗಿ ಒಂದು ಸಂಜೆಯ ಪಾಲಕರ ಸಭೆ. ಟ್ರಾವೆಲ್ ಏಜಂಟರು ಬಣ್ಣದ ಚಿತ್ರಗಳನ್ನು ತೋರಿಸುವರು. ಹಣದ ಕಂತುಗಳು ಗೊತ್ತಾಗುವವು. ಉಡುಪಿನ ಯಾದಿಯನ್ನು ಹಂಚಲಾಗುವದು. ಊಟ ಶಾಕಾಹಾರವೋ, ಕೋಣೆಗೆ ಎಷ್ಟು ಜನ ಎಂಬ ಪ್ರಶ್ನೆಗಳು ಏಳುವವು. ಆ ದೇಶದಲ್ಲಿ ನಮ್ಮ ಮಕ್ಕಳು ಏನನ್ನು ಕಲಿಯುವರು, ಅದಕ್ಕಾಗಿ ಇಲ್ಲಿ ಯಾವ ಉಪಾಧ್ಯಾಯರು ಯಾವ ಪಾಠವನ್ನು ಹೇಳಿ ಕಳಿಸುವರು ಎಂದು ಕೇಳುವವರು ವಿರಳ.

ಪ್ರೇಕ್ಷಣಕ್ಕೂ ಶಿಕ್ಷಣಕ್ಕೂ ಇರುವ ಅಂತರವನ್ನು ಪರದೇಶದ ಕಾಯದೆಗಳು ನಮಗಿಂತ ಚೆನ್ನಾಗಿ ಬಲ್ಲವು. ಶೆಂಗೆನ್ ಒಪ್ಪಂದಕ್ಕೊಳಪಟ್ಟ ಯುರೋಪದ 29 ದೇಶಗಳ ಅಲ್ಪಾವಧಿಯ ವೀಸಾಕ್ಕೆ, 12 ವರ್ಷ ತುಂಬಿದವರಿಂದ 90 ಯುರೋ ಶುಲ್ಕವನ್ನು 2024ನೆಯ ಜೂನದಲ್ಲಿ ಗೊತ್ತುಮಾಡಲಾಯಿತು. ಆದರೆ ಅಧ್ಯಯನಕ್ಕಾಗಿಯೋ ಶೈಕ್ಷಣಿಕ ತರಬೇತಿಗಾಗಿಯೋ ಬರುವ ವಿದ್ಯಾರ್ಥಿಗಳಿಗೂ ಅವರೊಡನೆ ಬರುವ ಉಪಾಧ್ಯಾಯರಿಗೂ ಅದೇ ವೀಸಾ ಸಂಹಿತೆಯು ಈ ಶುಲ್ಕವನ್ನು ಮನ್ನಾ ಮಾಡಿರುವದು. ನಮ್ಮ ತಂಡಗಳಲ್ಲಿ ಎಷ್ಟು ಈ ರಿಯಾಯಿತಿಯನ್ನು ಕೇಳುವ ಧೈರ್ಯ ಮಾಡಿಯಾವು? ಕೇಳಬೇಕಾದರೆ ಎಲ್ಲಿ ಏನನ್ನು ಕಲಿಯುವೆವೆಂಬದನ್ನು ಕಾಗದದ ಮೇಲೆ ತೋರಿಸಬೇಕು. ಆಯ್ಫೆಲ್ ಗೋಪುರದ ಮುಂದೆ ಭಾವಚಿತ್ರ ತೆಗೆಯಿಸಿಕೊಳ್ಳುವದನ್ನು ಅಧ್ಯಯನವೆಂದು ಯಾವ ದೂತಾವಾಸವೂ ಒಪ್ಪಲಾರದು.

ಈ ವಿಷಯದಲ್ಲಿ ಜಪಾನೀಯರಿಂದ ಕಲಿಯತಕ್ಕದ್ದು ಬಹಳವಿದೆ. 1886ರಲ್ಲಿ ತೋಕಿಯೋದ ನಾರ್ಮಲ್ ಸ್ಕೂಲಿನ ವಿದ್ಯಾರ್ಥಿಗಳು ಚಿಬಾ ಪ್ರಾಂತದ ಕಡೆಗೆ ಹೊರಟ ದೀರ್ಘಯಾತ್ರೆಯನ್ನು ಆ ದೇಶದ ಶಾಲಾಪ್ರವಾಸಗಳಿಗೆ ಮೊದಲೆಂದು ಎಣಿಸುವರು. ಇಂದು ಅಲ್ಲಿ ಹೊರಡುವ ಮುಂಚೆ ಪೂರ್ವಾಧ್ಯಯನವು ಶಾಲೆಯ ಪಾಠಕ್ರಮದಲ್ಲಿಯೇ ನಡೆಯುವದು. ಮಕ್ಕಳು ಚಿಕ್ಕ ಗುಂಪುಗಳಾಗಿ ತಾವು ನೋಡಲಿರುವ ಸ್ಥಳಗಳನ್ನು ಕುರಿತು ಓದುವರು, ತಿರುಗಾಟದ ಕ್ರಮವನ್ನು ಗೊತ್ತುಮಾಡುವರು, ತಮ್ಮ ಕೈಪಿಡಿಯನ್ನು ತಾವೇ ಸಿದ್ಧಪಡಿಸುವರು. ಹಿರೋಶಿಮಾಕ್ಕೆ ಹೋಗುವ ಶಾಲೆಗಳ ಮಕ್ಕಳು ಕಾಗದವನ್ನು ಮಡಿಚಿ ಸಾವಿರ ಕೊಕ್ಕರೆಗಳನ್ನು ಮಾಡಿ, ಅವನ್ನು 1958ರಲ್ಲಿ ಸ್ಥಾಪಿತವಾದ ಮಕ್ಕಳ ಶಾಂತಿ ಸ್ಮಾರಕಕ್ಕೆ ಅರ್ಪಿಸಲು ಒಯ್ಯುವರು. ಎರಡು ವರ್ಷದವಳಿದ್ದಾಗ ಅಣುಬಾಂಬಿನ ಕಿರಣಗಳಿಗೆ ಸಿಕ್ಕು, 1955ರಲ್ಲಿ ರಕ್ತದ ರೋಗದಿಂದ ತೀರಿಕೊಂಡ ಸಾದಾಕೋ ಸಸಾಕಿಯ ಕಥೆಯನ್ನು ಅವರು ಊರು ಬಿಡುವ ಮುಂಚೆಯೇ ಬಲ್ಲರು. ನಮ್ಮವರು ಅದೇ ಸ್ಥಳಕ್ಕೆ ಹೋಗಿ ಅರ್ಧ ತಾಸು ನಿಂತು ಅಂಗಡಿಯ ದಾರಿ ಕೇಳಿದರೆ ಅದಕ್ಕೆ ಮಕ್ಕಳನ್ನು ದೂಷಿಸುವಂತಿಲ್ಲ. ಅವರಿಗೆ ಯಾರೂ ಏನನ್ನೂ ಹೇಳಿರಲಿಲ್ಲ.

ಇನ್ನು ಕಾಗದಪತ್ರಗಳ ಮಾತು. ಇದನ್ನು ಏಜಂಟರಿಗೆ ಬಿಟ್ಟು ನಿಶ್ಚಿಂತರಾಗುವ ಶಾಲೆಗಳವರು ಕೊನೆಗಳಿಗೆಯಲ್ಲಿ ಪೇಚಾಡುವದುಂಟು. ನಮ್ಮಲ್ಲಿ ಶಾಲೆಯ ದಾಖಲೆಯಲ್ಲಿ ಇನಿಶಿಯಲ್ಲಿನೊಡನೆ ಒಂದು ಹೆಸರು, ಜನನಪತ್ರದಲ್ಲಿ ಬರಿಯ ಹೆಸರು, ಆಧಾರದಲ್ಲಿ ಮತ್ತೊಂದು ಬಗೆ. ಪಾಸಪೋರ್ಟಿಗೆ ಇನಿಶಿಯಲ್ ನಡೆಯದು. ಅದನ್ನು ಬಿಡಿಸಿ ಬರೆಯಬೇಕು. 2022ನೆಯ ನವೆಂಬರದಲ್ಲಿ ಸಂಯುಕ್ತ ಅರಬ ಸಂಸ್ಥಾನಗಳು, ಪಾಸಪೋರ್ಟಿನಲ್ಲಿ ಒಂದೇ ಪದದ ಹೆಸರುಳ್ಳ ಸಂದರ್ಶಕರಿಗೆ ಪ್ರವೇಶವಿಲ್ಲವೆಂದು ಸಾರಿದಾಗ, ಮನೆತನದ ಹೆಸರನ್ನು ಬರೆಯಿಸದವರೆಲ್ಲ ಕಂಗೆಟ್ಟರು. ತಂದೆಯ ಹೆಸರು ಅದರಲ್ಲಿ ನಮೂದಾಗಿದ್ದರೆ ಸಾಕೆಂದು ಅನಂತರ ಸಡಿಲಿಸಿದರೆನ್ನಿ. ಅಪ್ರಾಪ್ತವಯಸ್ಕರ ಪಾಸಪೋರ್ಟಿಗೆ ತಂದೆತಾಯಿಗಳಿಬ್ಬರ ಸಮ್ಮತಿಯೂ ಬೇಕು; ಅಂಥ ಪಾಸಪೋರ್ಟಿನ ಅವಧಿಯು ಸಾಮಾನ್ಯವಾಗಿ ಐದೇ ವರ್ಷ. ಪರದೇಶದಲ್ಲಿ ಅದು ಕಳೆದರೆ ನಮ್ಮ ದೂತಾವಾಸವು ಕೊಡುವ ತುರ್ತು ಪ್ರಮಾಣಪತ್ರದಿಂದ ಸ್ವದೇಶಕ್ಕೆ ಮರಳಬಹುದಲ್ಲದೆ ಪ್ರವಾಸವನ್ನು ಮುಂದುವರಿಸಲು ಬಾರದು. ಇದನ್ನೆಲ್ಲ ಮಕ್ಕಳಿಗೇ ತಿಳಿಸಿ, ತಮ್ಮ ಅರ್ಜಿಯನ್ನು ತಾವೇ ತುಂಬುವಂತೆ ಮಾಡಿದರೆ ಪೌರನೀತಿಯ ಒಂದು ಪಾಠವು ತಾನಾಗಿಯೇ ಆಗುವದು.

ತಾಯಂದಿರು ಅಕ್ಕರೆಯಿಂದ ಕಟ್ಟಿಕೊಡುವ ಬುತ್ತಿಯನ್ನೂ ಮರೆಯಲಾಗದು. ನಮ್ಮ ಪಾಯಸದ ಗಸಗಸೆಯು ದುಬೈಯ ನೆಲದಲ್ಲಿ ನಿಷಿದ್ಧ ಮಾದಕವಸ್ತುವೆಂದು ಗಣಿಸಲ್ಪಡುವದು!

ಸಿದ್ಧತೆಯಿಲ್ಲದ ಪ್ರಯಾಣದ ಕಷ್ಟವು ಎಂಥದೆಂಬದನ್ನು ಗಾಂಧೀಜಿಯವರೇ ತಮ್ಮ ಆತ್ಮಕಥೆಯಲ್ಲಿ ಬರೆದಿರುವರು. 1888ನೆಯ ಸೆಪ್ಟೆಂಬರದಲ್ಲಿ ಹಡಗನ್ನೇರಿದ ಹದಿನೆಂಟರ ತರುಣನಿಗೆ ಇಂಗ್ಲಿಷಿನಲ್ಲಿ ಮಾತಾಡಲು ಸಂಕೋಚ. ಚೂರಿ-ಮುಳ್ಳುಚಮಚಗಳ ಬಳಕೆ ತಿಳಿಯದು. ಯಾವ ಪದಾರ್ಥದಲ್ಲಿ ಮಾಂಸವಿಲ್ಲವೆಂದು ಕೇಳುವ ಧೈರ್ಯವಿಲ್ಲ. ಮನೆಯಿಂದ ತಂದ ಸಿಹಿತಿಂಡಿ ಹಣ್ಣುಗಳನ್ನು ಕೋಣೆಯಲ್ಲಿಯೇ ತಿಂದು ದಿನ ಕಳೆದರು. ಇಂಗ್ಲೆಂಡದಲ್ಲಿ ಇಳಿದಾಗ ಬಿಳಿಯ ಫ್ಲಾನೆಲ್ ಉಡುಪನ್ನು ತೊಟ್ಟವರು ತಾವೊಬ್ಬರೇ ಎಂದು ಕಂಡು ನಾಚಿದರು. ಹೇಳಿಕೊಡಲು ಜೊತೆಯಲ್ಲಿ ಗುರುಗಳಿರಲಿಲ್ಲ. ಇಂದಿನ ತಂಡಗಳಿಗೆ ಆ ನೆವವಿಲ್ಲ.

ಸುರಕ್ಷಿತತೆಯ ಬಗ್ಗೆ ನಾವು ಕಠಿಣವಾಗಿಯೇ ಬರೆಯಬೇಕಾಗಿದೆ. 2024ನೆಯ ಡಿಸೆಂಬರದಲ್ಲಿ ಶಾಲಾಪ್ರವಾಸಕ್ಕೆಂದು ಮುರುಡೇಶ್ವರಕ್ಕೆ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಕಡಲಿನ ಪಾಲಾದರು. ಅದು ನಮ್ಮದೇ ಕರಾವಳಿ, ನಮ್ಮದೇ ಭಾಷೆ. ಭಾಷೆಯೂ ದಾರಿಯೂ ತಿಳಿಯದ ನಾಡಿನಲ್ಲಿ ಮಗುವೊಂದು ರೈಲುನಿಲ್ದಾಣದಲ್ಲಿ ಹಿಂದುಳಿದರೆ ಎಲ್ಲಿ ನಿಲ್ಲಬೇಕು, ಯಾರಿಗೆ ಫೋನು ಮಾಡಬೇಕು? ಯಾವ ಹುಡುಗನಿಗೆ ಉಬ್ಬಸವಿದೆ, ಅವನ ಔಷಧವು ಯಾರ ಚೀಲದಲ್ಲಿದೆ? ಇವನ್ನು ಹೊರಡುವ ಮುಂಚೆ ಊರಿನಲ್ಲಿಯೇ ಒಂದೆರಡು ದಿನ ತಾಲೀಮು ಮಾಡಿಸಬೇಕು. ಬೆಂಗಳೂರಿನ ಮೆಟ್ರೋದಲ್ಲಿ ನಲವತ್ತು ಮಕ್ಕಳನ್ನು ಎಣಿಸಿ ಹತ್ತಿಸಿ ಎಣಿಸಿ ಇಳಿಸಲಾರದ ಉಪಾಧ್ಯಾಯರು ಅವರನ್ನು ತೋಕಿಯೋದಲ್ಲಿ ಹೇಗೆ ಕಾಯ್ದಾರು?

ಹಣದ ಪ್ರಶ್ನೆಯೂ ಉಳಿದಿದೆ. ಲಕ್ಷಗಟ್ಟಲೆ ಕೊಡಬಲ್ಲವರ ಮಕ್ಕಳು ಹೊರಟುಹೋದ ತರಗತಿಯಲ್ಲಿ ಉಳಿದವರ ಮುಖವನ್ನು ಮುಖ್ಯಾಧ್ಯಾಪಕರು ನೋಡಬೇಕು. ನೆರೆಯ ತಮಿಳುನಾಡು ಸರಕಾರವು ಸ್ಪರ್ಧೆಗಳಲ್ಲಿ ಗೆದ್ದ ಸರಕಾರಿ ಶಾಲೆಗಳ ಮಕ್ಕಳನ್ನು ಪರದೇಶಕ್ಕೆ ಕರೆದೊಯ್ದಿರುವದು. ನಮ್ಮ ಸರಕಾರದವರು ಅದನ್ನು ಪರಿಶೀಲಿಸಬಾರದೇಕೆ? ಅಷ್ಟು ದೂರ ಬೇಡವೆಂದರೆ ನೇಪಾಳವಿದೆ. ಅಲ್ಲಿಗೆ ವೀಸಾ ಬೇಡ. 15ರಿಂದ 18 ವರ್ಷದ ವಿದ್ಯಾರ್ಥಿಗಳಿಗೆ ಮುಖ್ಯಾಧ್ಯಾಪಕರು ಗೊತ್ತಾದ ನಮೂನೆಯಲ್ಲಿ ಕೊಟ್ಟ ಗುರುತಿನ ಪ್ರಮಾಣಪತ್ರವೇ ಸಾಕು. ಆದರೆ ಏಜಂಟರ ಚಿತ್ರಗಳಲ್ಲಿ ಕಾಠಮಂಡುವಿಗೆ ಸ್ಥಳವು ಕಡಿಮೆ.

ಯಾವ ತಂಡವೂ ಹೊರಡುವದಕ್ಕೆ ಮೂರು ತಿಂಗಳು ಮುಂಚೆ ಅಧ್ಯಯನದ ಕ್ರಮವನ್ನೂ, ಜವಾಬ್ದಾರ ಉಪಾಧ್ಯಾಯರ ಹೆಸರುಗಳನ್ನೂ, ವಿಮೆಯ ಪತ್ರವನ್ನೂ ಶಿಕ್ಷಣ ಇಲಾಖೆಗೆ ಒಪ್ಪಿಸಬೇಕೆಂಬ ನಿಯಮವು ಆಗತಕ್ಕದ್ದು. ಅದು ಆಗುವವರೆಗೆ ಪಾಲಕರು ಮೊದಲನೆಯ ಕಂತನ್ನು ಕೊಡುವ ಮುಂಚೆಯೇ ಈ ಮೂರನ್ನೂ ಕೇಳಿ ನೋಡಬೇಕು.