ವಿಎ ಬೇಡ, ನಿಮಿಷ ಹೇಳಿ

ಹುಬ್ಬಳ್ಳಿಯ ಉಣಕಲ್, ವಿದ್ಯಾನಗರ, ನವನಗರದ ಕಡೆ ಇಂತಿಷ್ಟು ಗಂಟೆ ವಿದ್ಯುತ್ ವ್ಯತ್ಯಯ ಎಂದು ವಿದ್ಯುತ್ ಕಂಪನಿ ಹೆಸ್ಕಾಂ ಪತ್ರಿಕೆಗಳಲ್ಲಿ ಪ್ರಕಟಣೆ ಕೊಡುತ್ತದೆ. ಆ ವ್ಯತ್ಯಯದಿಂದ ಮನೆಯ ಕಂಪ್ಯೂಟರ್‌ಗೆ ಕೇಡಿಲ್ಲ. ಮೊದಲೇ ಗೊತ್ತಿರುವುದರಿಂದ ಬಂದ್ ಮಾಡಿಟ್ಟರಾಯಿತು. ಕೇಡು ಬರುವುದು ಪ್ರಕಟಣೆಯಿಲ್ಲದ ಕ್ಷಣಗಳಿಂದ. ಏಪ್ರಿಲ್-ಮೇ ತಿಂಗಳ ಸಂಜೆ ಗಾಳಿ ಎದ್ದು ಟೊಂಗೆಯೊಂದು ಪಕ್ಕದ ಫೀಡರ್‌ನ ತಂತಿಗೆ ತಾಗಿದರೂ ಸಾಕು, ನಮ್ಮ ಲೈನಿನ ವೋಲ್ಟೇಜ್ ಒಂದು ಗಳಿಗೆ ಕುಸಿಯುತ್ತದೆ. ಫ್ಯಾನು ತಿರುಗುತ್ತಲೇ ಇರುತ್ತದೆ, ದೀಪ ಒಮ್ಮೆ ಮಿಟುಕುತ್ತದೆ, ಕಂಪ್ಯೂಟರ್ ಮಾತ್ರ ಆರಿಹೋಗುತ್ತದೆ. ಅದರೊಳಗಿನ ಪವರ್ ಸಪ್ಲೈ ಕರೆಂಟಿಲ್ಲದೆ ತಡೆದುಕೊಳ್ಳುವುದು ಸುಮಾರು 16-17 ಮಿಲಿಸೆಕೆಂಡ್ ಮಾತ್ರ. ನಮ್ಮ 50 ಹರ್ಟ್ಸ್ ಪೂರೈಕೆಯ ಒಂದು ಆವರ್ತಕ್ಕೆ 20 ಮಿಲಿಸೆಕೆಂಡ್ ಬೇಕು. ಅಂದರೆ ಒಂದು ಆವರ್ತ ಪೂರ್ತಿ ತಪ್ಪಿದರೂ ಯಂತ್ರ ಮಲಗಬಹುದು. ಯುಪಿಎಸ್ ಬೇಕಿರುವುದು ಈ ಸಣ್ಣ ಬಿರುಕನ್ನು ಮುಚ್ಚಲು, ಬಿರುಕು ದೊಡ್ಡದಾದರೆ ಬರೆದದ್ದನ್ನು ಉಳಿಸಿ ಯಂತ್ರವನ್ನು ಕ್ರಮವಾಗಿ ಮುಚ್ಚುವ ಹತ್ತು ನಿಮಿಷ ಕೊಡಲು. ಅದಕ್ಕಿಂತ ಹೆಚ್ಚಿನದನ್ನು ಅದರಿಂದ ನಿರೀಕ್ಷಿಸುವುದರಿಂದಲೇ ನಮ್ಮ ದುಡ್ಡು ತಪ್ಪು ಕಡೆ ಹೋಗುತ್ತಿದೆ.

ಈ ತಪ್ಪಿಗೆ ಕೊಳ್ಳುವವರಿಗಿಂತ ಡಬ್ಬಿಯ ಮೇಲಿನ ಬರಹವೇ ಹೆಚ್ಚು ಕಾರಣ. 600 ವಿಎ (ವೋಲ್ಟ್-ಆಂಪಿಯರ್), 1000 ವಿಎ ಎಂದು ಅಲ್ಲಿ ದಪ್ಪಕ್ಷರದಲ್ಲಿ ಅಚ್ಚಾಗಿರುತ್ತದೆ. ಮನೆ ಬಳಕೆಯ ಸಾಮಾನ್ಯ 600 ವಿಎ ಯುಪಿಎಸ್ ನಿಜವಾಗಿ ಹೊರುವುದು 360 ವಾಟ್. ಆ ಅಂಕಿ ಡಬ್ಬಿಯ ಬದಿಯಲ್ಲೋ ಕೈಪಿಡಿಯಲ್ಲೋ ಸಣ್ಣದಾಗಿ ಇರುತ್ತದೆ. ಎಷ್ಟು ಹೊತ್ತು ಎಂಬುದಕ್ಕೂ ವಿಎಗೂ ಸಂಬಂಧವೇ ಇಲ್ಲ. ಆಳಿನ ಭುಜದ ಬಲ ಬೇರೆ, ಅವನು ಕಟ್ಟಿಕೊಂಡು ಬಂದ ಬುತ್ತಿ ಬೇರೆ. ಇಲ್ಲಿ ಬುತ್ತಿಯೆಂದರೆ ಬ್ಯಾಟರಿ. 600 ವಿಎ ಯಂತ್ರದೊಳಗೆ ಸಾಮಾನ್ಯವಾಗಿ ಇರುವುದು 12 ವೋಲ್ಟ್, 7 ಆಂಪಿಯರ್-ಅವರ್‌ನ ಒಂದೇ ಬ್ಯಾಟರಿ. ಗುಣಿಸಿದರೆ 84 ವಾಟ್-ಅವರ್. ಮಾನಿಟರ್ ಸೇರಿ 120 ವಾಟ್ ಎಳೆಯುವ ಕಂಪ್ಯೂಟರನ್ನು ಇದು ನಲವತ್ತು ನಿಮಿಷ ನಡೆಸಬೇಕು ಎಂದು ಲೆಕ್ಕ ಹೇಳುತ್ತದೆ. ಆದರೆ ಆ 7ರ ಅಂಕಿ ಇಪ್ಪತ್ತು ಗಂಟೆ ನಿಧಾನವಾಗಿ ಬಳಸಿದಾಗಿನದು. ಒಮ್ಮೆಲೇ ಹತ್ತು ಆಂಪಿಯರ್ ಮೀರಿ ಎಳೆದರೆ ಸೀಸದ ಬ್ಯಾಟರಿ ಹೆಚ್ಚುಕಡಿಮೆ ಅರ್ಧವನ್ನಷ್ಟೇ ಕೊಡುತ್ತದೆ, ಒಂದಿಷ್ಟು ಪರಿವರ್ತನೆಯಲ್ಲಿ ಶಾಖವಾಗಿ ಸೋರುತ್ತದೆ. ಉಳಿಯುವುದು ಹದಿನೈದಿಪ್ಪತ್ತು ನಿಮಿಷ, ಅದೂ ಬ್ಯಾಟರಿ ಹೊಸದಾಗಿದ್ದರೆ. 25 ಡಿಗ್ರಿಯ ಮೇಲೆ ಪ್ರತಿ 10 ಡಿಗ್ರಿಗೆ ಇಂಥ ಬ್ಯಾಟರಿಯ ಆಯುಷ್ಯ ಸುಮಾರು ಅರ್ಧವಾಗುತ್ತದೆ. ಮೇ ತಿಂಗಳ ಸೆಕೆಯಲ್ಲೂ ಕಪಾಟಿನೊಳಗೆ ಗಾಳಿಯಾಡದಂತೆ ಇಟ್ಟ ಯುಪಿಎಸ್ ಎರಡು ವರ್ಷದಲ್ಲೇ ಕೈಕೊಡುವುದಕ್ಕೆ ಇದೇ ಕಾರಣ. ದೊಡ್ಡ ವಿಎ ಕೊಂಡರೆ ಹೆಚ್ಚು ಹೊತ್ತು ನಡೆಯುತ್ತದೆ ಎಂದು ನಂಬಿ ದುಪ್ಪಟ್ಟು ದುಡ್ಡು ಕೊಡುವವರು ಒಳಗಿನ ಬ್ಯಾಟರಿ ಎಷ್ಟರದ್ದು ಎಂದು ಮೊದಲು ಕೇಳಬೇಕು.

ಮನೆಯಲ್ಲಿ ಇನ್ವರ್ಟರ್ ಇರುವಾಗ ಇದೆಲ್ಲ ಯಾಕೆ ಎಂಬ ಪ್ರಶ್ನೆ ನ್ಯಾಯವಾದದ್ದೇ. 150 ಆಂಪಿಯರ್-ಅವರ್‌ನ ಟ್ಯೂಬ್ಯುಲರ್ ಬ್ಯಾಟರಿ ಮೂಲೆಯಲ್ಲಿ ಕೂತಿರುವ ಮನೆಗೆ ಹೊತ್ತಿನ ಚಿಂತೆ ಇಲ್ಲ. ಅಲ್ಲಿ ನೋಡಬೇಕಾದದ್ದು ವೇಗ. ಬಹಳಷ್ಟು ಇನ್ವರ್ಟರ್‌ಗಳಲ್ಲಿ ಯುಪಿಎಸ್ ಮೋಡ್ ಎಂಬ ಸಣ್ಣ ಸ್ವಿಚ್ ಇರುತ್ತದೆ. ಅದು ಸಾಮಾನ್ಯ ಮೋಡ್‌ನಲ್ಲಿದ್ದರೆ ಬ್ಯಾಟರಿಗೆ ಬದಲಾಗಲು ತಡವಾಗುತ್ತದೆ; ಫ್ಯಾನಿಗೆ ಅದು ಗೊತ್ತಾಗದು, ಕಂಪ್ಯೂಟರ್‌ಗೆ ಗೊತ್ತಾಗುತ್ತದೆ. ಸೈನ್ ವೇವ್ ಇನ್ವರ್ಟರ್ ಇದ್ದು ಆ ಸ್ವಿಚ್ಚನ್ನು ಬದಲಿಸಿದ ಮೇಲೆ ಯಂತ್ರ ಆರದಿದ್ದರೆ ಹೊಸ ಯುಪಿಎಸ್ ಕೊಳ್ಳುವುದೇ ಬೇಡ. ಆದರೆ ಯುಪಿಎಸ್ ಮೋಡ್‌ಗೆ ಒಂದು ಬೆಲೆಯಿದೆ. ವೋಲ್ಟೇಜ್ ಸ್ವಲ್ಪ ಇಳಿದರೂ ಇನ್ವರ್ಟರ್ ಬ್ಯಾಟರಿಗೆ ಹೊರಳುವುದರಿಂದ ಸಂಜೆ ಹೊತ್ತು ಲೈನ್ ಬಡವಾಗುವ ಓಣಿಗಳಲ್ಲಿ ಬ್ಯಾಟರಿ ಬೇಗ ಸವೆಯುತ್ತದೆ. ಅಂಥ ಮನೆಗೆ ವೋಲ್ಟೇಜನ್ನು ತಾನೇ ತಿದ್ದಿಕೊಳ್ಳುವ ಲೈನ್-ಇಂಟರಾಕ್ಟಿವ್ ಯುಪಿಎಸ್ ವಾಸಿ.

ಲ್ಯಾಪ್‌ಟಾಪ್ ಇರುವವರದು ಬೇರೆಯೇ ಸಂಗತಿ. ಮನೆಯಿಂದಲೇ ಕಚೇರಿ ಕೆಲಸ ಮಾಡುವವರು, ಆನ್‌ಲೈನ್ ಪರೀಕ್ಷೆ ಬರೆಯುವ ಮಕ್ಕಳು ಕರೆಂಟ್ ಹೋದಾಗ ಕಳೆದುಕೊಳ್ಳುವುದು ಲ್ಯಾಪ್‌ಟಾಪನ್ನಲ್ಲ, ವೈ-ಫೈಯನ್ನು. ರೌಟರ್ ಎಳೆಯುವುದು ಹತ್ತು ವಾಟ್ ಆಸುಪಾಸು. ಅಷ್ಟಕ್ಕೆ 600 ವಿಎ ಯಂತ್ರ ತಂದಿಡುವುದು ದಂಡ. ರೌಟರ್‌ಗೆಂದೇ ಬರುವ ಅಂಗೈಯಗಲದ ಲಿಥಿಯಂ ಯುಪಿಎಸ್ ಅದನ್ನು ಗಂಟೆಗಟ್ಟಲೆ ನಡೆಸುತ್ತದೆ. ಕೊಳ್ಳುವಾಗ ರೌಟರ್‌ನ ಅಡಾಪ್ಟರ್ 9 ವೋಲ್ಟಿನದೋ 12ರದೋ ನೋಡಿಕೊಳ್ಳಬೇಕು.

ಸರಿಯಾದ ವಿದ್ಯುತ್ ಕೊಡುವುದು ಹೆಸ್ಕಾಂ ಕೆಲಸ, ಅದರ ಭಾರವನ್ನು ಗ್ರಾಹಕರೇಕೆ ಹೊರಬೇಕು ಎಂದು ಕೇಳುವವರಿದ್ದಾರೆ. ಮಾತಿನಲ್ಲಿ ಅರ್ಧ ಹುರುಳಿದೆ. 230 ವೋಲ್ಟ್ ಇರಬೇಕಾದ ಲೈನ್ ಪ್ರತಿ ಸಂಜೆ 190ಕ್ಕೆ ಇಳಿಯುತ್ತಿದ್ದರೆ ಅದಕ್ಕೆ ಮದ್ದು ಯುಪಿಎಸ್ ಅಲ್ಲ, 1912ಕ್ಕೆ ದೂರು. ಯುಪಿಎಸ್ ಇಟ್ಟುಕೊಂಡು ಸುಮ್ಮನಿದ್ದರೆ ಟ್ರಾನ್ಸ್‌ಫಾರ್ಮರ್‌ನ ರೋಗ ಕಾಣದೇ ಉಳಿಯುತ್ತದೆ. ಆದರೆ ಸಿಡಿಲು ಬಡಿದಾಗ ಲೈನ್ ಟ್ರಿಪ್ ಆಗುವುದು ಲೋಪವಲ್ಲ, ರಕ್ಷಣೆ. ಯಾವ ಕಂಪನಿಯೂ ಅದನ್ನು ಸೊನ್ನೆಗೆ ಇಳಿಸಲಾರದು. ಇದೇ ಸಿಡಿಲಿನ ಮಾತಿಗೆ ಸೇರಿದ್ದು ಅರ್ಥಿಂಗ್. ಯುಪಿಎಸ್‌ನೊಳಗಿನ ಸರ್ಜ್ ರಕ್ಷಣೆ ಪೂರ್ತಿ ಕೆಲಸ ಮಾಡಲು ಮೂರನೆಯ ಪಿನ್ನಿಗೆ ನಿಜವಾದ ನೆಲ ಸಿಗಬೇಕು. ಹುಬ್ಬಳ್ಳಿ ಸುತ್ತಿನ ಎರೆ ಮಣ್ಣು ಬೇಸಿಗೆಯಲ್ಲಿ ಒಣಗಿ ಬಿರಿಯುತ್ತದೆ, ಅರ್ಥಿಂಗ್ ಗುಂಡಿಯ ತಡೆ ಏರುತ್ತದೆ. ಸಿಡಿಲಿನ ಮಳೆ ಬರುವುದೂ ಸರಿಯಾಗಿ ಆ ಹೊತ್ತಿಗೇ. ಉಣಕಲ್ಲಿನ ಹಳೆಯ ಮನೆಗಳಲ್ಲಿ ಯುಪಿಎಸ್ ತರುವ ಮುನ್ನ ಎಲೆಕ್ಟ್ರಿಷಿಯನ್ ಕರೆಸಿ ಅರ್ಥಿಂಗ್ ಪರೀಕ್ಷಿಸುವುದು, ಗುಂಡಿಗೆ ಬೇಸಿಗೆಯಲ್ಲಿ ನೀರು ಹೊಯ್ಯುವುದು ಅತ್ಯಂತ ಅಗ್ಗದ ರಕ್ಷಣೆ.

ಫ್ರಿಜ್ ಕೊಳ್ಳುವಾಗ ಅದು ವರ್ಷಕ್ಕೆ ಎಷ್ಟು ಯೂನಿಟ್ ನುಂಗುತ್ತದೆ ಎಂಬುದು ನಕ್ಷತ್ರದ ಚೀಟಿಯಲ್ಲೇ ಇರುತ್ತದೆ. ಯುಪಿಎಸ್‌ಗೂ ಅಂಥ ಚೀಟಿ ಕಡ್ಡಾಯವಾಗಲಿ: ಎಷ್ಟು ವಾಟ್ ಹೊರುತ್ತದೆ, 100 ವಾಟಿಗೆ ಎಷ್ಟು ನಿಮಿಷ, 200ಕ್ಕೆ ಎಷ್ಟು, ಬದಲಾಗಲು ಎಷ್ಟು ಮಿಲಿಸೆಕೆಂಡ್, ಕನ್ನಡದಲ್ಲಿ, ಡಬ್ಬಿಯ ಮುಂಭಾಗದಲ್ಲಿ. ತಯಾರಕರಿಗೆ ಈ ಅಂಕಿಗಳನ್ನು ಅಳೆಯುವುದು ಕಷ್ಟವಲ್ಲ. ಬ್ಯಾಟರಿ ಹಳತಾದಂತೆ ನಿಮಿಷ ಕಡಿಮೆಯಾಗುತ್ತದೆ, ಗ್ರಾಹಕರು ಜಗಳಕ್ಕೆ ಬರುತ್ತಾರೆ ಎಂದು ಅವರು ಹೇಳಬಹುದು. ಹೊಸತಾಗಿದ್ದಾಗಿನ ಅಂಕಿ ಎಂದು ಬರೆದರೆ ಆ ತಕರಾರೂ ಇಲ್ಲ. ಆ ಚೀಟಿ ಬರುವ ತನಕ ಕೊಪ್ಪಿಕರ ರಸ್ತೆಯ ಅಂಗಡಿಯಲ್ಲಿ ಮಾಡಬಹುದಾದ ಪರೀಕ್ಷೆ ಒಂದಿದೆ. ಚಾರ್ಜ್ ಆದ ಯುಪಿಎಸ್‌ಗೆ 100 ವಾಟಿನ ಹಳೇ ಬಲ್ಬ್ ಒಂದನ್ನು ಹಚ್ಚಿಸಿ, ಗೋಡೆಯ ಪ್ಲಗ್ ಕಿತ್ತು, ಗಡಿಯಾರ ನೋಡಲು ಕೇಳಿ.