ಡಿಕ್ರಿ ಬಿಡಿಸದ ಸಹಿ

ಕಳೆದ ವಾರ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಮನೆಗೆ ಬಂದಿದ್ದಳು. ಪರಸ್ಪರ ಸಮ್ಮತಿಯಿಂದ ವಿಚ್ಛೇದನವಾಗಿ ಎರಡು ವರ್ಷಗಳಾಗಿವೆ. ಮನೆಯೂ ಅದರ ಸಾಲದ ಕಂತೂ ಮಾಜಿ ಪತಿಗೆ ಸೇರತಕ್ಕದ್ದೆಂದು ಒಪ್ಪಂದವಾಗಿತ್ತು. ಆತ ಕಂತು ನಿಲ್ಲಿಸಿದ. ಬ್ಯಾಂಕಿನ ನೋಟಿಸು ಇವಳಿಗೂ ಬಂದಿತು. "ಸರ್, ನಾನಿಲ್ಲದ ಮನೆಗೆ ನಾನೇಕೆ ಹಣ ಕಟ್ಟಬೇಕು?" ಎಂದು ಕೇಳಿದಳು.

ಉತ್ತರ ಕಹಿಯಾದುದು. 1872ರ ಭಾರತೀಯ ಕರಾರು ಕಾಯಿದೆಯ 43ನೆಯ ಪ್ರಕರಣದಂತೆ, ಬೇರೆ ಷರತ್ತು ಇಲ್ಲದಿದ್ದಲ್ಲಿ, ಜಂಟಿಯಾಗಿ ವಚನವಿತ್ತವರಲ್ಲಿ ಯಾರೊಬ್ಬರಿಂದಲಾದರೂ ಪೂರ್ತಿ ಹಣ ಕೇಳಬಹುದು. ದಂಪತಿಗಳ ಒಪ್ಪಂದದಲ್ಲಿ ಬ್ಯಾಂಕು ಕಕ್ಷಿಯಲ್ಲ. ಕಟ್ಟಿದ ಹಣವನ್ನು ಆತನಿಂದ ವಸೂಲು ಮಾಡಬಹುದು ನಿಜ; ಆದರೆ ಅದಕ್ಕೆ ಮತ್ತೆ ನ್ಯಾಯಾಲಯದ ಮೆಟ್ಟಿಲು!

ನಾನು ಬ್ಯಾಂಕನ್ನು ದೂಷಿಸಲಾರೆ. ಅದು ಇಬ್ಬರ ಸಂಬಳ ನೋಡಿ ಸಾಲ ಕೊಟ್ಟಿತ್ತು. ದೂಷಿಸಬೇಕಾದುದು ನಮ್ಮಂತಹ ಹಿರಿಯರನ್ನು. ರಾಜಿಗೆ ಕುಳಿತಾಗ ಬೆಳ್ಳಿಯ ಲೋಟದ ಲೆಕ್ಕವನ್ನೂ ಬಿಡದ ನಾವು, ಸಾಲಪತ್ರದ ಮೇಲಿನ ಸಹಿ ಏನಾಯಿತೆಂದು ಕೇಳುವುದೇ ಇಲ್ಲ. "ಡಿಕ್ರಿ ಆಯಿತಲ್ಲ, ಇನ್ನೇನು?" ಎಂದು ಎದ್ದುಬಿಡುತ್ತೇವೆ.

ಹಿಂದೂ ವಿವಾಹ ಕಾಯಿದೆ ಇಂತಹ ವಿಚ್ಛೇದನಕ್ಕೆ ಸಾಮಾನ್ಯವಾಗಿ ಆರು ತಿಂಗಳ ಕಾಲಾವಕಾಶ ವಿಧಿಸುತ್ತದೆ. ಆ ಅವಧಿಯಲ್ಲಿ ಮನೆ ಮಾರಿ ಸಾಲ ತೀರಿಸಲಿ. ಇಲ್ಲವೇ ಮನೆ ಉಳಿಸಿಕೊಳ್ಳುವವರು ತಮ್ಮೊಬ್ಬರ ಹೆಸರಿನಲ್ಲಿ ಹೊಸ ಸಾಲ ಪಡೆದು ಹಳೆಯದನ್ನು ಮುಗಿಸಲಿ. ಬ್ಯಾಂಕು ಲಿಖಿತವಾಗಿ ಬಿಡುಗಡೆ ಕೊಡುವವರೆಗೆ ಕೊನೆಯ ಹೇಳಿಕೆಗೆ ಯಾರೂ ರುಜು ಹಾಕಬಾರದು. ಮನೆ ತನಗಿರಲಿ, ಹೊರೆ ಮತ್ತೊಬ್ಬರ ತಲೆಯ ಮೇಲೂ ಇರಲಿ ಎಂಬುದು ಶುದ್ಧ ಅನ್ಯಾಯ.

ಚಕ್ರಬಡ್ಡಿಯ ಲೆಕ್ಕವನ್ನು ಬೆತ್ತ ಹಿಡಿದು ಕಲಿಸಿದವನು ನಾನು. ಸಹಿಯ ಬೆಲೆಯನ್ನು ಮಾತ್ರ ಕಲಿಸಲಿಲ್ಲ. ತಡವಾದರೂ ಇಂದು ಈ ಪಾಠ.